ಸುಮ್ಮನೆ ಬಂದೆ

ನೀವು ಕೇಳಿದ್ದು ಇಷ್ಟು: "ಮುಂದಿನ ತಿಂಗಳು ನಿವೃತ್ತಿ. ಒಂದು ವರ್ಷ ಸುತ್ತಾಡಬೇಕು, ಹಳೆಯ ಸ್ನೇಹಿತರು, ನೆಂಟರ ಮನೆಗೆಲ್ಲ ಹೋಗಿ ಬರಬೇಕು ಅಂತ ಆಸೆ. ಈ ಕಾಲದಲ್ಲಿ ಹಾಗೆ ಹೋದರೆ ಹೊರೆಯಾಗುವುದಿಲ್ಲವೇ? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ."

ನಾನು ಹೋಗಿ ಬಂದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು.

ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಿಂದ 2024ರ ಮೇ 31ಕ್ಕೆ ನಿವೃತ್ತಳಾದೆ. ಮಕ್ಕಳು ಕಾಶಿ ಟೂರ್ ಬುಕ್ ಮಾಡುತ್ತೇವೆ ಎಂದರು. ಆಮೇಲೆ ನೋಡೋಣ ಅಂದೆ. ಅದಕ್ಕೆ ಮೂರು ತಿಂಗಳ ಹಿಂದೆ ಬಳಗದ ಒಂದು ಮದುವೆಗೆ ಹೋಗಿದ್ದೆ. ಛತ್ರದ ತುಂಬ ನಮ್ಮವರೇ. "ಹೇಗಿದ್ದೀ?" "ಆರಾಮ." "ಊಟ ಆಯ್ತಾ?" "ಎರಡನೇ ಪಂಕ್ತಿಗೆ." "ಮನೆ ಕಡೆ ಬಾ." "ನೀನೂ ಬಾ." ಸುಮಾರು ನಲವತ್ತು ಜನರ ಹತ್ತಿರ ಇದೇ ಮಾತು. ಬಸ್ಸಿನಲ್ಲಿ ವಾಪಸು ಬರುವಾಗ ಎಷ್ಟು ಮನೆಗೆ "ಬರ್ತೀನಿ" ಎಂದು ಹೇಳಿ ಹೋಗದೆ ಉಳಿದಿದ್ದೇನೆ ಎಂದು ಲೆಕ್ಕ ಹಾಕಿದೆ. ಹದಿನೇಳು ಮನೆ. ಕೆಲವಕ್ಕೆ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದೆ.

ಆ ಹದಿನೇಳರಲ್ಲಿ ಹನ್ನೊಂದಕ್ಕೆ ಹೋಗಿ ಬಂದೆ. ನಾನು ಇಟ್ಟುಕೊಂಡ ಕಟ್ಟು ಒಂದೇ. ಮದುವೆ, ಮುಂಜಿ, ಗೃಹಪ್ರವೇಶ, ತಿಥಿ ಇದ್ದಾಗ ಹೋಗಬಾರದು. ಮನೆಯಲ್ಲಿ ಏನೂ ಇಲ್ಲದಾಗ ಹೋಗಬೇಕು.

ಇದನ್ನು ಜನಕ್ಕೆ ಅರ್ಥ ಮಾಡಿಸುವುದೇ ಮೊದಲ ಕಷ್ಟ. ಬಾಗಲಕೋಟೆಯ ಗೆಳತಿಗೆ ಫೋನ್ ಮಾಡಿ ನವೆಂಬರ್‌ನಲ್ಲಿ ಬರುತ್ತೇನೆ ಎಂದಾಗ ಅವಳು ಕೇಳಿದ್ದು, "ಯಾಕವಾ, ಮಗಳ ಲಗ್ನ ಗೊತ್ತಾತೇನ?"

"ಇಲ್ಲ, ಸುಮ್ಮನೆ ಬರ್ತೀನಿ."

"ಸುಮ್ಮನ? ಸುಮ್ಮಸುಮ್ಮನ ಯಾರ ಬರ್ತಾರವಾ? ಖರೇ ಹೇಳ, ಆರಾಮ ಅದಿ ಇಲ್ಲ?"

ಅವಳೂ ನಾನೂ ಧಾರವಾಡದಲ್ಲಿ ಬಿ.ಎಡ್. ಓದುವಾಗ ಒಂದೇ ಕೋಣೆಯಲ್ಲಿದ್ದವರು, 1987ರಲ್ಲಿ. ಆಮೇಲೆ ಇನ್‌ಲ್ಯಾಂಡ್ ಪತ್ರ, ಆಮೇಲೆ ಫೋನು, ಆಮೇಲೆ ವಾಟ್ಸ್ಆಪ್‌ನಲ್ಲಿ ಬೆಳಗಿನ ಹೂವಿನ ಚಿತ್ರ. ಪ್ರತಿ ವರ್ಷ "ಹೋಳಿಗೆ ಬಾ, ನಮ್ಮೂರ ಬಣ್ಣ ನೋಡೀಯಂತ" ಎಂದು ಕರೆಯುತ್ತಿದ್ದಳು. ಹೋಗಲಿಲ್ಲ. 2021ರಲ್ಲಿ ಕೊರೊನಾದಲ್ಲಿ ಅವಳ ಯಜಮಾನರು ತೀರಿಕೊಂಡರು. ಆಗಲೂ ಹೋಗಲಾಗಲಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ಹೋಗಬಹುದಿತ್ತು. ಅದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಇತ್ತು.

ಶಿವಮೊಗ್ಗದಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಒಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ ತಾನೆ. ನನಗೆ ಪಿಂಚಣಿ ಬರುತ್ತದೆ, ದುಡ್ಡು ಕೊಟ್ಟೂ ಹೋಗಬಲ್ಲೆ. ಆದರೆ ನವಲಗುಂದದಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಪಕ್ಕ ಕುಳಿತು, ನರಗುಂದದಲ್ಲಿರುವ ತಂಗಿಯ ಮನೆಗೆ ಈಗ ಬೇಕಾದಾಗ ಹೋಗಿ ಬರುತ್ತೇನೆ ಎಂದರು. ಮೊದಲೆಲ್ಲ ಬಸ್ಸಿನ ದುಡ್ಡಿಗೆ ಮಗನ ಮುಖ ನೋಡಬೇಕಿತ್ತಂತೆ. ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಕಿಟಕಿಯಾಚೆ ಕರಿ ಎರೆಯ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಅಂಥ ಪಯಣಕ್ಕೂ ಲೆಕ್ಕವಿದೆ ಎಂದು ನನಗೆ ಅವತ್ತು ಅನ್ನಿಸಿತು.

ಗೆಳತಿಯ ಮನೆ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಒಂದಷ್ಟು ಭಾಗ ಹೋದಾಗ ಕಟ್ಟಿದ ಊರು ಅದು. ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರ್ ಹೇಳಬೇಕು. ಅವಳ ತವರುಮನೆ ಇದ್ದದ್ದು ಹಳೇ ಊರಿನಲ್ಲಿ. ಎರಡನೇ ದಿನ ಸಂಜೆ ನನ್ನನ್ನು ಆಟೋದಲ್ಲಿ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದಳು. ಅಲ್ಲಿಯವರ ಬಾಯಲ್ಲಿ ಸದಾ ಎರಡು ಸಂಖ್ಯೆ: 519 ಮತ್ತು 524. ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.6 ಮೀಟರ್, ಮುಂದೆ ಏರಿಸಬೇಕೆಂದಿರುವುದು 524.256. ಆ ನಾಲ್ಕೂವರೆ ಮೀಟರಿನಲ್ಲಿ ಇನ್ನೂ ಯಾರ್ಯಾರ ಪಡಸಾಲೆ ಇದೆಯೋ. ಅವಳು ನೀರಿನ ಕಡೆ ಕೈ ಮಾಡಿ, "ಅಲ್ಲಿ ನೋಡ, ಆ ಹಕ್ಕಿ ಕುಂತೈತಲ್ಲ, ಅದರ ಆಚಿ ಕಡೆ ನಮ್ಮ ಮನಿ" ಎಂದಳು. ನಮ್ಮ ಅತ್ತೆಯವರೂ ಹೀಗೇ ತೋರಿಸುತ್ತಿದ್ದರು. ನನ್ನ ಯಜಮಾನರ ಮನೆತನ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಎದ್ದು ಬಂದವರು. ಹಿನ್ನೀರಿನ ಆಚೆ ದಡದ ತುಮರಿಗೆ ಲಾಂಚಿನಲ್ಲಿ ಹೋಗುವಾಗ ಅತ್ತೆ ಮಧ್ಯ ನೀರಿನಲ್ಲಿ ಕೈ ತೋರಿಸಿ, ಇಲ್ಲೇ ನಮ್ಮ ಅಡಿಕೆ ತೋಟ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗೆ ಬರೀ ನೀರು ಕಾಣುತ್ತಿತ್ತು. ಬಾಗಲಕೋಟೆಯ ದಂಡೆಯಲ್ಲಿ ನಿಂತಾಗ ಅತ್ತೆ ಏನು ತೋರಿಸುತ್ತಿದ್ದರು ಎಂಬುದು ತಿಳಿಯಿತು. ಅವರು ಈಗಿಲ್ಲ.

ಅವತ್ತು ರಾತ್ರಿ ರೊಟ್ಟಿ, ಎಣ್ಣೆಗಾಯಿ ಊಟವಾದ ಮೇಲೆ ಇಬ್ಬರೂ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಆಗ ನಾನು ಬಾಯಿಬಿಟ್ಟೆ. ನಿನ್ನ ಯಜಮಾನರು ಹೋದಾಗ ನಾನು ಬರಲಿಲ್ಲ, ತಪ್ಪಾಯಿತು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆವಾಗ ಬಂದಿದ್ದರ ಮಂದಿ ಗದ್ದಲದಾಗ ನಾ ನಿನ್ನ ನೋಡ್ತಿದ್ದಿಲ್ಲ. ಈಗ ಬಂದಿ, ಛಲೋ ಆತು" ಎಂದಳು. ಆಸ್ಪತ್ರೆಯ ಆ ಹನ್ನೆರಡು ದಿನಗಳನ್ನು ಒಂದೊಂದಾಗಿ ಹೇಳಿದಳು. ಮಕ್ಕಳ ಮುಂದೆ ಹೇಳಿರಲಿಲ್ಲವಂತೆ, ಅವರೂ ಅಳುತ್ತಾರೆ ಎಂದು. ಎರಡು ಗಂಟೆ ಹೊಡೆದಿತ್ತು ಮಲಗುವಾಗ.

ನೀವು ಹೊರೆಯ ಮಾತು ಕೇಳಿದಿರಿ. ಸುಳ್ಳು ಹೇಳುವುದಿಲ್ಲ, ಒಂದು ಮನೆಗೆ ನಾನು ಹೊರೆಯಾದೆ. ಬೆಂಗಳೂರಿನಲ್ಲಿ ತಮ್ಮನ ಮನೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮಗಳಿಗೆ ಪರೀಕ್ಷೆ. ನಾನು ಸೋಮವಾರ ಹೋಗಿ ಕುಳಿತೆ. ತಮ್ಮನ ಹೆಂಡತಿ ಪಾಪ ಎರಡು ದಿನ ರಜೆ ಹಾಕಿದಳು. ಲ್ಯಾಪ್‌ಟಾಪ್ ಮುಂದೆ ಇಟ್ಟುಕೊಂಡೇ ನನಗೆ ದೋಸೆ ಹುಯ್ದಳು. ಬುಧವಾರದ ಹೊತ್ತಿಗೆ ಮನೆಯಲ್ಲಿ ಎಲ್ಲರ ಮಾತೂ ಮೆತ್ತಗಾಗಿತ್ತು. ಯಾರದ್ದೂ ತಪ್ಪಲ್ಲ, ನಾನು ದಿನ ನೋಡದೆ ಹೋದದ್ದು ತಪ್ಪು. ಮತ್ತೆ ಮಾರ್ಚ್‌ನಲ್ಲಿ ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ಹೊರಟೆ. ಆ ಸಲ ಅವಳೇ ಬಸ್‌ಸ್ಟ್ಯಾಂಡಿಗೆ ಬಂದು ಕಿಟಕಿ ಹತ್ತಿರ ನಿಂತು ಮಾತಾಡಿದಳು.

ಹಾಗಾಗಿ ನನ್ನ ಅನುಭವದಲ್ಲಿ ಎರಡು ರಾತ್ರಿ ಸಾಕು, ದುಡಿಯುವವರ ಮನೆಗೆ ಒಂದೇ. ವಾರ ಮೊದಲೇ ಫೋನ್ ಮಾಡಿ, ಹೊರಡುವ ದಿನವನ್ನೂ ಆಗಲೇ ಹೇಳಿಬಿಡಿ. ಅದು ಗೊತ್ತಿದ್ದರೆ ಮನೆಯವರಿಗೆ ಎಷ್ಟೋ ಹಗುರ. "ಏನಾದರೂ ಸಹಾಯ ಮಾಡಲಾ?" ಎಂದು ಕೇಳಬೇಡಿ, ಬೇಡ ಎಂದೇ ಅನ್ನುತ್ತಾರೆ. ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಸುಲಿಯುತ್ತಾ ಕುಳಿತುಬಿಡಿ. ಕೈಗೆ ಕೆಲಸವಿದ್ದಾಗ ಬರುವ ಮಾತು ಸೋಫಾದ ಮೇಲೆ ಎದುರುಬದುರು ಕುಳಿತರೆ ಬರುವುದಿಲ್ಲ.

ನನಗೆ ಇದು ಗೊತ್ತಾದದ್ದು ಕುಂದಾಪುರದ ಕಡೆಯ ಅಜ್ಜಿಮನೆಯಲ್ಲಿ. 2024ರ ಜುಲೈ, ಆಷಾಢ. ಹುಲಿಕಲ್ ಘಾಟಿಯಲ್ಲಿ ಬಸ್ಸಿನ ಗಾಜಿನ ಮೇಲೆ ನೀರು ಬಿಟ್ಟರೆ ಏನೂ ಕಾಣದಂಥ ಮಳೆ. ಅಜ್ಜಿಮನೆಯಲ್ಲಿ ಈಗ ಇರುವುದು ದೊಡ್ಡ ಸೋದರಮಾವನ ಹೆಂಡತಿ, ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆ, ಮತ್ತು ಅವರ ಮಗ. ನಾನು ಹೋದ ದಿನ ಪತ್ರೊಡೆ. ಅತ್ತೆ ಕೆಸುವಿನ ಎಲೆಯನ್ನು ಬೋರಲು ಹಾಕಿ, ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ತೆಳ್ಳಗೆ ಸವರಿ ನನ್ನ ಕಡೆ ದೂಡುತ್ತಿದ್ದರು. ನಾನು ಅದಕ್ಕೆ ಅಕ್ಕಿ, ಕೊತ್ತಂಬರಿ, ಮೆಣಸು, ಹುಣಸೆಹುಳಿ ಹಾಕಿ ರುಬ್ಬಿದ ಹಿಟ್ಟು ಸವರುವುದು. ಮೇಲೊಂದು ಎಲೆ, ಮತ್ತೆ ಹಿಟ್ಟು. ಐದಾರು ಎಲೆಯಾದ ಮೇಲೆ ಎರಡೂ ಬದಿ ಮಡಚಿ ಸುರುಳಿ ಸುತ್ತಿ ಹಬೆಗೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಆ ಎಲೆಗಳ ನಡುವೆ ಅತ್ತೆ ನನ್ನ ಅಮ್ಮನ ಬಗ್ಗೆ ಹೇಳಿದರು. ಮದುವೆಗೆ ಮೊದಲು ಅಮ್ಮ ಮೇಷ್ಟ್ರಾಗಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಿದ್ದರಂತೆ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದ ನನಗೆ ಅಮ್ಮ ಅದನ್ನು ಒಮ್ಮೆಯೂ ಹೇಳಿರಲಿಲ್ಲ.

ಆ ವರ್ಷದ ಅತಿ ದೂರದ ಪಯಣ ಜನವರಿಯಲ್ಲಿ. ಮೂಡ್ಲಕಟ್ಟೆಯಲ್ಲಿರುವ ಕುಂದಾಪುರ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಬೆಳಿಗ್ಗೆ ಠಾಣೆಯಲ್ಲಿ ಇಳಿದು, ಲೋಕಲ್ ಹಿಡಿದು ಡೊಂಬಿವಲಿಗೆ ಚಿಕ್ಕ ಸೋದರಮಾವನ ಮನೆಗೆ. ಮಾವ ಹದಿಮೂರನೇ ವಯಸ್ಸಿನಲ್ಲಿ, 1954ರಲ್ಲಿ, ಊರು ಬಿಟ್ಟವರು. ಆಗ ಕರಾವಳಿಯಿಂದ ಮುಂಬೈಗೆ ಹೀಗೆ ನೇರ ರೈಲು ಎಲ್ಲಿತ್ತು! ಕೊಂಕಣ ರೈಲು ಪೂರ್ತಿ ಓಡಿದ್ದೇ 1998ರಲ್ಲಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾದವರು. ನಮ್ಮ ಕಡೆಯ ಎಷ್ಟೋ ಹುಡುಗರನ್ನು ಓದಿಸಿ ದಡ ಮುಟ್ಟಿಸಿದ ಆ ರಾತ್ರಿಶಾಲೆಗಳಿಗೆ ಮುಂಬೈಯಲ್ಲಿ ಒಂದು ದೊಡ್ಡ ಫಲಕ ಇರಬೇಕಿತ್ತು ಎಂದು ನನಗನ್ನಿಸುತ್ತದೆ.

ಮಾವನಿಗೆ ಮುಂಬೈಯ ಮಾಟುಂಗಕ್ಕೆ ಹೋಗಿ ಎಲೆಯ ಮೇಲೆ ಊಟ ಮಾಡಬೇಕೆಂಬ ಆಸೆ. ಮೊಣಕಾಲು ನೋವು, ಕರೆದುಕೊಂಡು ಹೋಗುವವರಿಲ್ಲ. ಜನ ಕಡಿಮೆಯಿರುವ ಹೊತ್ತು ನೋಡಿ ಸ್ಲೋ ಲೋಕಲ್‌ನಲ್ಲಿ ಹೋದೆವು. ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಬೋರ್ಡಿಂಗ್, ಮಹಡಿ ಹತ್ತಬೇಕು. ಮಾವ ಒಂದೊಂದು ಮೆಟ್ಟಿಲಿಗೂ ನಿಂತರು, ಆದರೆ ಹತ್ತಿದರು. ಊಟವಾದ ಮೇಲೆ ಮೈಸೂರು ಅಸೋಸಿಯೇಷನ್ ಕಟ್ಟಡದ ಮುಂದೆಯೂ ಸ್ವಲ್ಪ ಹೊತ್ತು ನಿಂತೆವು. ಮುಂಬೈ ಕನ್ನಡಿಗರ 1926ರ ಸಂಸ್ಥೆ ಅದು.

ವಾಪಸು ಬಂದು, ನಾನು ಊರಿಂದ ಒಯ್ದ ಹಲಸಿನ ಹಪ್ಪಳವನ್ನು ಡಬ್ಬಿಗೆ ತುಂಬುತ್ತಿದ್ದಾಗ ಮಾವ ಕೇಳತೊಡಗಿದರು. "ಬಾವಿ ಇತ್ತಾ? ಅದ್ರ ರಾಟಿ ಇತ್ತಾ? ಹಟ್ಟಿ ಹತ್ರದ್ ಹಲ್ಸಿನ್ ಮರ ಇತ್ತಾ?" ಕುಂದಾಪ್ರ ಕನ್ನಡದಲ್ಲಿ "ಇತ್ತು" ಅಂದರೆ "ಇದೆ" ಎಂದೇ ಅರ್ಥ. ಶಿವಮೊಗ್ಗದಲ್ಲಿ ಬಾಳಿದ ನನ್ನ ಕಿವಿಗೆ ಅದು ಮುಗಿದುಹೋದದ್ದರ ಮಾತಾಗಿ ಕೇಳಿಸುತ್ತಿತ್ತು. ಊರಿಗೆ ಹೋಗದೆ ಹನ್ನೊಂದು ವರ್ಷವಾದ ಮಾವ ಎಲ್ಲವನ್ನೂ "ಇದೆ" ಎಂದೇ ಇಟ್ಟುಕೊಂಡು ಕೇಳುತ್ತಿದ್ದರು. ಆರು ತಿಂಗಳ ಹಿಂದೆ ಅದೇ ಮನೆಯಲ್ಲಿ ಎರಡು ರಾತ್ರಿ ಇದ್ದು ಬಂದ ನಾನು ಹಲಸಿನ ಮರವನ್ನು ನೋಡಿರಲೇ ಇಲ್ಲ. ಮಳೆಗೆ ಹಿತ್ತಲಿಗೆ ಇಳಿದಿರಲಿಲ್ಲ. "ನೋಡಿ ಹೇಳ್ತೇನೆ ಮಾವ" ಎಂದೆ.

ಏಪ್ರಿಲ್‌ನಲ್ಲಿ ಮತ್ತೆ ಅಜ್ಜಿಮನೆಗೆ ಹೋದೆ. ಅದಕ್ಕಾಗಿಯೇ. ಹಲಸಿನ ಮರ ಇರಲಿಲ್ಲ, ನಾಲ್ಕು ವರ್ಷದ ಹಿಂದಿನ ಗಾಳಿಗೆ ಬಿದ್ದಿತ್ತು. ಹಟ್ಟಿಯಲ್ಲಿ ದನವಿಲ್ಲ, ಸ್ಕೂಟರ್ ನಿಲ್ಲಿಸುತ್ತಾರೆ. ಬಾವಿ ಇದೆ, ನೀರಿಗೆ ಪಂಪು. ರಾಟೆ ಮಾತ್ರ ಹಾಗೇ ತೊಲೆಗೆ ನೇತಾಡುತ್ತಿತ್ತು, ತುಕ್ಕು ಹಿಡಿದು. ಮಾವನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದಾಗಿ ತೋರಿಸಿದೆ. ಮರ ಬಿದ್ದ ಜಾಗ ತೋರಿಸಿದಾಗ ಮಾತಾಡಲಿಲ್ಲ. ಬಾವಿಕಟ್ಟೆಗೆ ಬಂದಾಗ, ನೀರು ಸೇದು ಎಂದರು. ಅತ್ತೆಯ ಮಗ ಹಗ್ಗ, ಕೊಡಪಾನ ಹುಡುಕಿ ತಂದ. ರಾಟೆಗೆ ಬಿಡಲು ಅತ್ತೆ ಬಟ್ಟಲಲ್ಲಿ ಎಣ್ಣೆ ತಂದರು. ಮಾವ ಫೋನಿನಲ್ಲೇ, "ಬ್ಯಾಡ, ಎಣ್ಣಿ ಹಾಕ್ಬ್ಯಾಡಿ" ಎಂದರು.

ಬೇಸಿಗೆ, ನೀರು ತಳದಲ್ಲಿತ್ತು. ಹಗ್ಗ ಇಳಿದಷ್ಟೂ ಇಳಿಯಿತು. ಅತ್ತೆ ಫೋನನ್ನು ರಾಟೆಯ ಹತ್ತಿರ ಹಿಡಿದರು. ನಾನು ಎಳೆಯತೊಡಗಿದಾಗ ರಾಟೆ ಮೊದಲು ತಡವರಿಸಿ, ಆಮೇಲೆ ಉದ್ದಕ್ಕೆ ಕಿರ್ರ್ ಎಂದು ಕೂಗಿತು. ಆ ಕೂಗು ತೆಂಗಿನ ತೋಟದವರೆಗೂ ಹೋಯಿತು. ಕೊಡಪಾನ ಕಟ್ಟೆಯ ಮೇಲಿಟ್ಟು ನೋಡಿದರೆ ಪರದೆಯಲ್ಲಿ ಮಾವನ ಮುಖವಿಲ್ಲ, ಕಿವಿ ಮಾತ್ರ ಕಾಣುತ್ತಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು.

"ಇನ್ನೊಂದ್ ಕೊಡಪಾನ ಎಳಿ, ಕಾಂಬ" ಎಂದರು.

ಎಳೆದೆ.