ಕೆರೆಯ ಕೆಲಸಕ್ಕೆ ಇಳಿಯುವ ಮುನ್ನ

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಮ್ಮೂರಿನ ಕೆರೆ ಎಷ್ಟೋ ವರ್ಷಗಳಿಂದ ಸರಿಯಾಗಿ ತುಂಬಿಲ್ಲ. ಊರಿನ ಯುವಕರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಾವೂ ಸೇರಿ ಸ್ವಯಂಸೇವಕರ ತಂಡವೊಂದನ್ನು ಕಟ್ಟಿಕೊಂಡಿದ್ದೇವೆ. ಮುಂಗಾರಿಗೆ ಮೊದಲು ಜೆಸಿಬಿ ತರಿಸಿ ಹೂಳೆತ್ತಿಸಿ, ಏರಿಯ ಮೇಲೆ ಆಲ, ಅರಳಿ, ಹೊಂಗೆಯ ಸಸಿಗಳನ್ನು ನೆಡಬೇಕೆಂಬ ಯೋಚನೆಯಿದೆ. ಯಾವುದನ್ನು ಮೊದಲು ಮಾಡುವುದು ಸೂಕ್ತ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹೂಳು ತುಂಬಿದ ಕೆರೆಯಲ್ಲಿ ನೀರು ಹಿಡಿಯುವ ಜಾಗ ಕಡಿಮೆಯಾಗಿರುತ್ತದೆಯಾದ್ದರಿಂದ ಅದು ಬೇಗ ತುಂಬಿ ಬೇಗ ಕೋಡಿ ಬೀಳಬೇಕು. ನಿಮ್ಮ ಕೆರೆ ತುಂಬುವುದೇ ಇಲ್ಲವೆಂದಾದರೆ ತೊಂದರೆ ಕೆರೆಯ ಅಂಗಳದಲ್ಲಿಲ್ಲ, ನೀರು ಬರುವ ದಾರಿಯಲ್ಲಿದೆ ಎಂದೇ ತಿಳಿಯಬೇಕು. ಸರ್ವೆ ಇಲಾಖೆಯಿಂದ ನಿಮ್ಮೂರಿನ ಹಾಗೂ ಮೇಲಿನ ಊರುಗಳ ಗ್ರಾಮ ನಕಾಶೆಗಳನ್ನು ಪಡೆದು, ಹಿಂದೆ ನೀರಗಂಟಿಯ ಕೆಲಸ, ಅಂದರೆ ಕೆರೆಯ ನೀರು ಹಂಚುವ ಕೆಲಸ, ಮಾಡಿದ ಮನೆತನದವರು ಊರಿನಲ್ಲಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು, ಕೆರೆಯ ಬಾಯಿಯಿಂದ ಹಳ್ಳದ ಜಾಡು ಹಿಡಿದು ಮೇಲಕ್ಕೆ ನಡೆಯಿರಿ. ಒಂದು ಕಡೆ ಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿರಬಹುದು, ಇನ್ನೊಂದು ಕಡೆ ರಸ್ತೆ ಎತ್ತರಿಸಿದವರು ಮೋರಿಯ ಬಾಯಿಯನ್ನು ಮುಚ್ಚಿರಬಹುದು, ಮತ್ತೊಂದು ಕಡೆ ಬಳ್ಳಾರಿ ಜಾಲಿ ಬೆಳೆದು ಹಳ್ಳವೇ ಕಾಣದಂತಾಗಿರಬಹುದು. ಕಂಡದ್ದನ್ನೆಲ್ಲ ಚಿತ್ರಸಹಿತ ಬರೆದಿಟ್ಟುಕೊಂಡು ಗ್ರಾಮಸಭೆಯ ಮುಂದಿಡುವುದೇ ನಿಮ್ಮ ತಂಡದ ಮೊದಲ ಕೆಲಸವಾಗಲಿ. ಒತ್ತುವರಿಯನ್ನು ನೀವೇ ತೆರವು ಮಾಡಲು ಹೋಗಬೇಡಿ. ಅಳತೆ ಮಾಡಿಸಿ ತೆರವುಗೊಳಿಸುವುದು ತಹಶೀಲ್ದಾರರ ಹೊಣೆ, ಆ ಜಗಳ ಸ್ವಯಂಸೇವಕರ ಮೈಮೇಲೆ ಬಂದರೆ ತಂಡ ಮಳೆಗಾಲದವರೆಗೂ ಉಳಿಯುವುದಿಲ್ಲ. ಜಾಲಿ ಕಡಿಯುವುದು, ಮೋರಿಯ ಕಸ ತೆಗೆಯುವುದು ಇವಕ್ಕೆ ಮಾತ್ರ ಒಪ್ಪಿಗೆ ಪಡೆದು ಕೈಹಾಕಿ.

ಒಪ್ಪಿಗೆ ಯಾರದು ಎಂಬುದು ಅಚ್ಚುಕಟ್ಟಿನ, ಅಂದರೆ ಕೆರೆಯ ನೀರು ಉಣ್ಣುವ ಜಮೀನಿನ ವಿಸ್ತೀರ್ಣದ, ಮೇಲೆ ನಿಂತಿದೆ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿರುವ ಕೆರೆಗಳು ಸಾಮಾನ್ಯವಾಗಿ ಪಂಚಾಯಿತಿ ವ್ಯವಸ್ಥೆಗೆ ಸೇರಿದರೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ.

ಇನ್ನು ಏರಿಯ ಮೇಲಿನ ಗಿಡಗಳ ಮಾತು. ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪರಿಸರ ದಿನದಂದು ಅತಿಥಿಗಳನ್ನು ಕರೆಸಿ ಏರಿಯ ಉದ್ದಕ್ಕೂ ಸಸಿ ನೆಡುವುದು ಈಗ ಎಲ್ಲೆಡೆ ರೂಢಿಯಾಗಿಬಿಟ್ಟಿದೆ. ಏರಿ ಎಂದರೆ ಬಿಗಿಯಾಗಿ ತುಳಿದು ಕಟ್ಟಿದ ಮಣ್ಣಿನ ಕಟ್ಟೆ. ಅದರೊಳಗೆ ಇಳಿದ ದೊಡ್ಡ ಮರದ ಬೇರು, ಮರ ಸತ್ತ ಮೇಲೆ ಕೊಳೆತು ಟೊಳ್ಳಾದಾಗ, ಕೆರೆ ತುಂಬಿದ ವರ್ಷ ನೀರು ಅದೇ ದಾರಿಯಲ್ಲಿ ಜಿನುಗಲು ತೊಡಗಿ ಮಣ್ಣನ್ನು ಕೊಚ್ಚುತ್ತಾ ಹೋಗುತ್ತದೆ. ಬಿರುಗಾಳಿಗೆ ಮರ ಬುಡಸಮೇತ ಉರುಳಿದರಂತೂ ಏರಿಯ ಒಂದು ತುಂಡೇ ಕಿತ್ತುಬರುತ್ತದೆ. ಏರಿಗೆ ಗರಿಕೆ, ಲಾವಂಚದಂಥ ಹುಲ್ಲು ಸಾಕು. ಹೊಂಗೆ, ನೇರಳೆ, ಹೊಳೆಮತ್ತಿಗಳನ್ನು ಹಳ್ಳದ ದಡದಲ್ಲಿಯೂ ಕೆರೆಯಂಗಳದ ಮೇಲಂಚಿನಲ್ಲಿಯೂ ನೆಡಿರಿ. ಈಗಾಗಲೇ ಬೆಳೆದು ನಿಂತಿರುವ ಮರಗಳನ್ನು ಮಾತ್ರ ಎಂಜಿನಿಯರರ ಸಲಹೆಯಿಲ್ಲದೆ ಕಡಿಯಬೇಡಿ, ಉಳಿದ ಬೇರುಗಳು ಅದೇ ಅಪಾಯವನ್ನು ತಂದೊಡ್ಡುತ್ತವೆ.

ಕಾಲುವೆ ಸರಿಹೋದ ನಂತರ ಹೂಳಿನ ವಿಚಾರಕ್ಕೆ ಬನ್ನಿ. ಏರಿಯ ಬುಡದ ಬಳಿ ಬಗೆಯಬಾರದು. ಹೂಳಿನ ಕೆಳಗೆ ನೀರನ್ನು ಹಿಡಿದಿಡುವ ಜೇಡಿಯ ಪದರ ಸಿಕ್ಕಿದೊಡನೆ ನಿಲ್ಲಿಸಬೇಕು. ತೆಗೆದ ಹೂಳುಮಣ್ಣನ್ನು ರೈತರು ತಮ್ಮ ಹೊಲಗಳಿಗೆ ಒಯ್ಯುವಂತಾದರೆ ಅರ್ಧ ಖರ್ಚು ತಾನಾಗಿಯೇ ಇಳಿಯುತ್ತದೆ. ಹಾಗೆಂದು ಊರಿನ ಕೂಲಿಕಾರರನ್ನು ಶ್ರಮದಾನದ ಹೆಸರಿನಲ್ಲಿ ಬಿಟ್ಟಿ ದುಡಿಸಬೇಡಿ. ಮಣ್ಣು ಹೊರುವುದು ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸ, ಅದಕ್ಕೆ ಪಂಚಾಯಿತಿಯಲ್ಲಿ ಹಣ ಕೇಳುವುದೇ ನ್ಯಾಯ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಂಡಿನೋವಿನಿಂದಾಗಿ ಹಾರೆ, ಗುದ್ದಲಿ ಹಿಡಿಯಲಾರೆ. ಮನೆಯ ಹತ್ತಿರದ ಕೆರೆಗೆ ನನ್ನಿಂದ ಏನಾದರೂ ಉಪಯೋಗವಾದೀತೆ?
– ಓದುಗರೊಬ್ಬರು, ಮೈಸೂರು

ಉತ್ತರ: ಗುದ್ದಲಿ ಹಿಡಿಯುವವರು ವರ್ಷಕ್ಕೊಮ್ಮೆಯಾದರೂ ಸಿಗುತ್ತಾರೆ, ವಾರವಾರವೂ ಕೆರೆಯನ್ನು ನೋಡಿ ಬರೆದಿಡುವವರು ಸಿಗುವುದೇ ಅಪರೂಪ. ವಾರದ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕುಳಿತು ನೀರಿನ ಮಟ್ಟ, ಬಣ್ಣ, ವಾಸನೆ, ಕಂಡ ಹಕ್ಕಿಗಳು ಇವಿಷ್ಟನ್ನು ತಾರೀಖು ಹಾಕಿ ಬರೆಯಿರಿ. ಗುಳುಮುಳುಕ, ನಾಮಕೋಳಿ, ನೀರುಕಾಗೆ, ಬೆಳ್ಳಕ್ಕಿಗಳನ್ನು ಗುರುತಿಸುವಷ್ಟು ತಿಳಿದರೆ ಆರಂಭಕ್ಕೆ ಧಾರಾಳವಾಯಿತು. ಏನೂ ಕಾಣದ ದಿನವನ್ನೂ ಬಿಡದೆ ದಾಖಲಿಸಬೇಕು, ಏಕೆಂದರೆ ಹಕ್ಕಿಗಳು ಯಾವಾಗ ಬರುವುದನ್ನು ನಿಲ್ಲಿಸಿದವು ಎಂಬುದು ಅದರಿಂದಲೇ ಗೊತ್ತಾಗುವುದು. ನಿಮ್ಮ ಪಟ್ಟಿಯನ್ನು ಹಕ್ಕಿಗಳ ದಾಖಲೆಯ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರೆ ಅದು ಸಂಶೋಧಕರಿಗೂ ದೊರೆಯುತ್ತದೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿಯಲ್ಲಿಯೂ ಹವ್ಯಾಸಿಗಳು ಪಾಲ್ಗೊಳ್ಳುತ್ತಾರೆ.

ನಿಮ್ಮೂರಿಗೆ ದೂರವೇನಲ್ಲದ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ಒಮ್ಮೆ ನೋಡಿ ಬನ್ನಿ. ಮನೆಯಂಗಳದ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ (ಪೆಲಿಕನ್) ಬಣ್ಣದ ಕೊಕ್ಕರೆಗಳನ್ನೂ ಅಲ್ಲಿಯ ಜನ ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ. ಊರಿನ ಯುವಕರ ಹೆಜ್ಜಾರ್ಲೆ ಬಳಗವು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕುವ ಕೆಲಸವನ್ನು ಮಾಡುತ್ತಾ ಬಂದಿದೆ. ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು 2007ರಲ್ಲಿ. ಊರಿನವರ ಆರೈಕೆ ಅದಕ್ಕಿಂತ ಬಹಳ ಹಿಂದಿನದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕೆರೆಯಲ್ಲಿ ಸೊಳ್ಳೆ ಹೆಚ್ಚಾಗಿದೆ. ಜೊಂಡನ್ನೂ ಕಳೆಯನ್ನೂ ಪೂರ್ತಿ ತೆಗೆಸಿ, ಸೊಳ್ಳೆಮರಿ ತಿನ್ನುವ ಮೀನುಗಳನ್ನು ಬಿಡಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೀನು ಬಿಡಬೇಡಿ. ಇದಕ್ಕೆಂದು ಹಂಚುವ ಗ್ಯಾಂಬೂಸಿಯಾ ಅಮೆರಿಕದ ಮೀನು; ಸೊಳ್ಳೆಮರಿಗಳ ಜೊತೆಗೆ ನಮ್ಮ ಮೀನುಗಳ ಮೊಟ್ಟೆ, ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ಅದು ತಿನ್ನುತ್ತದೆ. ದಡದ ಜೊಂಡು ಕೊಳೆಯನ್ನು ಹೀರಿ ಹಕ್ಕಿಗಳಿಗೆ ಗೂಡಿನ ಮರೆಯಾಗುವುದರಿಂದ ಅದನ್ನು ಮಿತಿಯಲ್ಲಿಟ್ಟರೆ ಸಾಕು. ತೆಗೆಯಬೇಕಾದದ್ದು ನೀರನ್ನು ಚಾಪೆಯಂತೆ ಮುಚ್ಚುವ ನೇರಳೆ ಹೂವಿನ ಜಲಕಳೆಯನ್ನು. ತೆಗೆದದ್ದನ್ನು ದಡದಲ್ಲೇ ಒಟ್ಟಿದರೆ ಕೊಳೆತ ಸಾರವೆಲ್ಲ ಮಳೆಯಲ್ಲಿ ಮತ್ತೆ ಕೆರೆಗೇ ಇಳಿಯುತ್ತದೆ, ಆದ್ದರಿಂದ ದೂರ ಸಾಗಿಸಿ ಗೊಬ್ಬರ ಮಾಡಿ. ಚರಂಡಿ ನೀರು ಬರುತ್ತಿರುವವರೆಗೆ ಆ ಕಳೆ ಮತ್ತೆ ಮತ್ತೆ ಹಬ್ಬುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಾಗಿ ಅಲ್ಲಿಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು. ಮಳೆನೀರಿನ ಕಾಲುವೆಗಳು ಕಟ್ಟಡಗಳ ನಡುವೆ ಕಳೆದುಹೋಗಿದ್ದುದರಿಂದ, ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ಬಿಡುವ ಏರ್ಪಾಡೂ ಮುಂದೆ ಅಲ್ಲಿ ಆಯಿತು. ಮೀನು ತರಿಸುವ ಹಣವಿದ್ದರೆ, ನಿಮ್ಮ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ನಿಜಕ್ಕೂ ನಡೆಯುತ್ತಿದೆಯೇ, ಅದರ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಪರೀಕ್ಷೆ ಮಾಡಿಸಲು ಅದನ್ನು ಬಳಸಿ.