ಚೀನಾದಲ್ಲಿ ಹಳ್ಳಿಯಿಂದ ನಗರಕ್ಕೆ ಬಂದ ಕಾರ್ಮಿಕರ ಸಂತೋಷ ಯಾವುದರ ಮೇಲೆ ನಿಂತಿದೆ?

ಸಂಬಳವೊಂದರ ಮೇಲಂತೂ ಅಲ್ಲ. 2002ರ ಸಮೀಕ್ಷೆಯೊಂದರಲ್ಲಿ ಈ ವಲಸಿಗರು ಊರಲ್ಲೇ ಉಳಿದವರಿಗಿಂತ ಹೆಚ್ಚು ಗಳಿಸುತ್ತಿದ್ದರೂ ಸಂತೋಷದಲ್ಲಿ ಹಿಂದಿದ್ದರು. ಊರಲ್ಲಿ ನೆರೆಮನೆಯವರನ್ನು ನೋಡಿ ತಮ್ಮನ್ನು ಅಳೆದುಕೊಳ್ಳುತ್ತಿದ್ದವರು ಇಲ್ಲಿ ನಗರದವರನ್ನು ನೋಡತೊಡಗುತ್ತಾರೆ. ಆದಾಯಕ್ಕಿಂತ ಬೇಗ ನಿರೀಕ್ಷೆ ಏರುತ್ತದೆ.

ಆದರೆ ನನ್ನ ಪ್ರಕಾರ ದೊಡ್ಡ ಪೆಟ್ಟು ‘ಹುಕೌ’ ಎಂಬ ಕುಟುಂಬ ನೋಂದಣಿಯದು. 1958ರ ಕಾನೂನಿನಿಂದ ಗಟ್ಟಿಯಾದ ಈ ವ್ಯವಸ್ಥೆಯಲ್ಲಿ, ಷೆನ್‌ಜೆನ್‌ನಂಥ ದೊಡ್ಡ ನಗರದಲ್ಲಿ ವರ್ಷಗಟ್ಟಲೆ ದುಡಿದವರೂ ದಾಖಲೆಯಲ್ಲಿ ಹಳ್ಳಿಯವರಾಗಿಯೇ ಉಳಿಯಬಹುದು. ಮಕ್ಕಳಿಗೆ ನಗರದ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗುವುದು ಕಷ್ಟ. ಕಾಲೇಜು ಪ್ರವೇಶ ಪರೀಕ್ಷೆಯನ್ನು ಸಾಮಾನ್ಯವಾಗಿ ನೋಂದಣಿಯಿರುವ ಪ್ರಾಂತ್ಯದಲ್ಲೇ ಬರೆಯಬೇಕು. ಹಾಗಾಗಿ ಎಷ್ಟೋ ಮಕ್ಕಳು ಊರಲ್ಲಿ ಅಜ್ಜ-ಅಜ್ಜಿಯ ಬಳಿ ಬೆಳೆಯುತ್ತಾರೆ. ಹೊಸವರ್ಷದ ರಜೆಯಲ್ಲಷ್ಟೇ ಅಪ್ಪ-ಅಮ್ಮನ ಮುಖ ನೋಡುವವರೂ ಇದ್ದಾರೆ. ಕೂಲಿ ಏರಿದರೆ ಈ ನೋವು ಇಳಿಯುವುದಿಲ್ಲ.

ಕಟ್ಟಡ ಕೆಲಸದಲ್ಲಿ ಇನ್ನೊಂದು ಕಾಟ: ಉಪಗುತ್ತಿಗೆದಾರರ ಸರಪಳಿಯಲ್ಲಿ ಸಿಕ್ಕಿಬೀಳುವ ಬಾಕಿ ಸಂಬಳ. ಇದನ್ನು ತಡೆಯಲು 2020ರಲ್ಲಿ ಪ್ರತ್ಯೇಕ ನಿಯಮವನ್ನೇ ತರಬೇಕಾಯಿತು.