ಹೊಸ ರಿಮೋಟ್ ಕೊಳ್ಳಬೇಡಿ, ಟಿವಿಯ ಒಳಗೆ ಯಾವ ಬೋರ್ಡ್ ಹಾಕಿದ್ದಾರೆಂದು ಕೇಳಿ

ಒರಿಜಿನಲ್ ರಿಮೋಟೂ ಬೇಡ, ಯೂನಿವರ್ಸಲ್ ರಿಮೋಟೂ ಬೇಡ. ಸಿಡಿಲಿಗೆ ಸುಟ್ಟುಹೋದ ಟಿವಿಯನ್ನು ಶಿರಸಿಯಲ್ಲಿ ರಿಪೇರಿ ಮಾಡಿಸಿ ಮನೆಗೆ ತಂದ ಮೇಲೆ ಫೈರ್ ಟಿವಿ ಸ್ಟಿಕ್‌ನ (ಯೂಟ್ಯೂಬ್ ಮೊದಲಾದವನ್ನು ನೋಡಲು ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಅಮೆಜಾನ್ ಸಾಧನ) ರಿಮೋಟ್‌ನಲ್ಲಿ ವಾಲ್ಯೂಮ್ ಮತ್ತು ಪವರ್ ಬಟನ್‌ಗಳು ಮಾತ್ರ ಕೆಲಸ ಮಾಡುತ್ತಿಲ್ಲ, ಉಳಿದವೆಲ್ಲ ಸರಿಯಾಗಿವೆ ಎಂದು ನಿಮ್ಮ ಪೋಸ್ಟ್‌ನಲ್ಲಿ ನೀವೇ ಬರೆದಿದ್ದೀರಿ. ಮುಂದಿನ ವಾಕ್ಯದಲ್ಲಿಯೇ ಆ ಸುಳಿವನ್ನು ಬದಿಗಿಟ್ಟು, ಮಳೆಗಾಲದ ತೇವ ಒಳಹೊಕ್ಕಿರಬೇಕು, ಯಾವ ರಿಮೋಟ್ ಕೊಳ್ಳಲಿ ಎಂದು ಕೇಳಿದ್ದೀರಿ. ಹೋಮ್ ಬಟನ್ನನ್ನು ಬಿಟ್ಟು, ಬಾಣದ ಬಟನ್‌ಗಳನ್ನು ಬಿಟ್ಟು, ವಾಲ್ಯೂಮ್ ಮತ್ತು ಪವರ್ ಎರಡನ್ನೇ ಹುಡುಕಿ ಹಾಳುಮಾಡುವಷ್ಟು ವಿವೇಚನೆ ತೇವಕ್ಕೆ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕೆಟ್ಟದ್ದಕ್ಕೆಲ್ಲ ಮಳೆಯನ್ನೇ ದೂರುವುದು ರೂಢಿ. ನಾನೂ ಮೊದಲು ಅದನ್ನೇ ಮಾಡಿದ್ದೆ.

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಟಿವಿಯೂ ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿಯೇ ಸುಟ್ಟಿತು. ಪರದೆ ಉಳಿದಿತ್ತು, ಒಳಗಿನ ಮುಖ್ಯ ಬೋರ್ಡ್, ಅಂದರೆ ಟಿವಿಯನ್ನು ನಡೆಸುವ ಚಿಪ್‌ಗಳಿರುವ ಹಲಗೆ, ಹೋಗಿತ್ತು. ರಿಪೇರಿಯವರು ಆ ಮಾದರಿಯ ಬೋರ್ಡ್ ಈಗ ಸಿಗುವುದಿಲ್ಲವೆಂದು ಹೇಳಿ ಬೇರೊಂದು ಬೋರ್ಡ್ ಹಾಕಿ, ಅದರ ಜೊತೆ ಒಂದು ಹಗುರವಾದ ರಿಮೋಟನ್ನೂ ಕೊಟ್ಟರು. ಅದುವರೆಗೆ ಸ್ಟಿಕ್‌ನ ರಿಮೋಟೊಂದರಲ್ಲೇ ಎಲ್ಲವೂ ನಡೆಯುತ್ತಿದ್ದುದರಿಂದ ಆ ಹೊಸ ರಿಮೋಟ್ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆಯೇ ಕಪಾಟಿನ ಡ್ರಾವರ್ ಸೇರಿತು. ಟಿವಿ ನೋಡುವವರು ನನ್ನ ತಂದೆ, ನೋಡುವುದು ಯೂಟ್ಯೂಬಿನಲ್ಲಿ ಯಕ್ಷಗಾನ. ಯಕ್ಷಗಾನದ ರೆಕಾರ್ಡಿಂಗ್ ನೋಡುವವರಿಗೆ ವಾಲ್ಯೂಮ್ ಬಟನ್ ಎಷ್ಟು ಮುಖ್ಯವೆಂಬುದು ಗೊತ್ತಿರುತ್ತದೆ: ಚಂಡೆ ಬಿದ್ದಾಗ ಮನೆಯೇ ಅದುರುತ್ತದೆ, ಅರ್ಥಗಾರಿಕೆ ಶುರುವಾದೊಡನೆ ಮಾತು ಮೈಕಿನಿಂದ ದೂರ ಸರಿದು ಪಿಸುಗುಟ್ಟಿದಂತೆ ಕೇಳುತ್ತದೆ. ಹೊರಗೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುತ್ತಿದ್ದರೆ ಅದೂ ಕೇಳುವುದಿಲ್ಲ. ಹೆಬ್ಬೆರಳು ವಾಲ್ಯೂಮ್ ಬಟನ್ನಿನ ಮೇಲೆಯೇ ಇರಬೇಕು. ಆ ಬಟನ್ ಸತ್ತಿತ್ತು.

ಆಗ ನಾನು ಮಾಡಿದ ತರ್ಕ ಹೀಗಿತ್ತು. ಹೋಮ್ ಒತ್ತಿದರೆ ಪರದೆ ಬದಲಾಗುತ್ತದೆ, ಆದ್ದರಿಂದ ಸೆಲ್‌ಗಳು ಸರಿಯಾಗಿವೆ. ಬಾಣದ ಬಟನ್‌ಗಳು ನಡೆಯುತ್ತವೆ, ಆದ್ದರಿಂದ ರಿಮೋಟ್ ಮತ್ತು ಸ್ಟಿಕ್‌ಗಳ ಸಂಪರ್ಕ ಸರಿಯಾಗಿದೆ. ಹಾಗಾದರೆ ಕೆಟ್ಟಿರುವುದು ವಾಲ್ಯೂಮ್ ಬಟನ್ನಿನ ಕೆಳಗಿನ ರಬ್ಬರೇ ಇರಬೇಕು. ನೀವೂ ಇಲ್ಲಿಯೇ ನಿಂತಿದ್ದೀರಿ. ಕೇಳಲು ಈ ತರ್ಕ ಚೆನ್ನಾಗಿದೆ, ಆದರೆ ಅದು ರಿಮೋಟ್ ಒಂದೇ ದಾರಿಯಲ್ಲಿ ಮಾತಾಡುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ, ಮತ್ತು ಆ ನಂಬಿಕೆ ಸುಳ್ಳು.

ಸ್ಟಿಕ್ ಇರುವುದು ಟಿವಿಯ ಹಿಂಬದಿಯಲ್ಲಿ. ಅದಕ್ಕೆ ಬೆಳಕಿನ ಕಿರಣ ಮುಟ್ಟುವುದಿಲ್ಲವಾದ್ದರಿಂದ ಹೋಮ್, ಬಾಣ, ಮೈಕ್ ಮೊದಲಾದ ಬಟನ್‌ಗಳ ಸಂದೇಶ ಬ್ಲೂಟೂತ್ ರೇಡಿಯೊ ಮೂಲಕ ಹೋಗುತ್ತದೆ. ವಾಲ್ಯೂಮ್ ಹೆಚ್ಚು ಕಡಿಮೆ ಮಾಡುವುದು ಮಾತ್ರ ಸ್ಟಿಕ್ ಅಲ್ಲ, ಟಿವಿ. ಟಿವಿಗೆ ಈ ರಿಮೋಟ್‌ನ ಬ್ಲೂಟೂತ್ ಪರಿಚಯವಿಲ್ಲ. ಆದ್ದರಿಂದ ವಾಲ್ಯೂಮ್, ಮ್ಯೂಟ್ ಮತ್ತು ಪವರ್ ಬಟನ್‌ಗಳಿಗಾಗಿ ರಿಮೋಟ್‌ನ ತುದಿಯಲ್ಲಿ ಒಂದು ಇನ್‌ಫ್ರಾರೆಡ್ ದೀಪವನ್ನು ಪ್ರತ್ಯೇಕವಾಗಿ ಇಟ್ಟಿದ್ದಾರೆ. 2018ಕ್ಕೆ ಮುಂಚಿನ ಫೈರ್ ಟಿವಿ ಸ್ಟಿಕ್ ರಿಮೋಟ್‌ಗಳಲ್ಲಿ ಈ ವಾಲ್ಯೂಮ್ ಬಟನ್‌ಗಳೇ ಇರಲಿಲ್ಲ. ಒಂದೇ ಪ್ಲಾಸ್ಟಿಕ್ ಚಿಪ್ಪಿನೊಳಗೆ ಎರಡು ರಿಮೋಟ್‌ಗಳಿವೆ ಎಂದು ತಿಳಿದುಕೊಂಡರೆ ನಿಮ್ಮ ಸಮಸ್ಯೆಯ ಅರ್ಧ ಬಿಡಿಸಿದಂತೆ.

ಇವುಗಳಲ್ಲಿ ಎರಡನೆಯ, ಅಂದರೆ ಇನ್‌ಫ್ರಾರೆಡ್ ರಿಮೋಟ್‌ನ ಸ್ವಭಾವವೇ ಬೇರೆ. ಅದು ಕಣ್ಣಿಗೆ ಕಾಣದ, ಸುಮಾರು 940 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು, ಸಾಮಾನ್ಯವಾಗಿ ಸೆಕೆಂಡಿಗೆ 38 ಸಾವಿರ ಬಾರಿ ಮಿನುಗಿಸುತ್ತ, ಆ ಮಿನುಗನ್ನು ಬಿಟ್ಟು ಬಿಟ್ಟು ಕಳಿಸಿ ಒಂದು ಸಂಕೇತ ರಚಿಸುತ್ತದೆ. ಬಹಳ ಬಳಕೆಯಲ್ಲಿರುವ ಎನ್‌ಇಸಿ ಎಂಬ ರಿಮೋಟ್ ಸಂಕೇತ ಪದ್ಧತಿಯಲ್ಲಿ ಈ ಸಂಕೇತಕ್ಕೆ 32 ಬಿಟ್‌ಗಳಿದ್ದು, ಮೊದಲ ಅರ್ಧ ವಿಳಾಸ, ಉಳಿದರ್ಧ ಆಜ್ಞೆ. ವಿಳಾಸ ತನ್ನದಲ್ಲದಿದ್ದರೆ ಟಿವಿ ಆಜ್ಞೆಯ ಕಡೆ ಗಮನವನ್ನೇ ಕೊಡುವುದಿಲ್ಲ. ರಾತ್ರಿ ಮೀನುಗಾರಿಕೆಗೆ ಹೋದ ನಮ್ಮೂರಿನವರು ದೇವಗಡ ದ್ವೀಪದ ದೀಪಸ್ತಂಭವನ್ನು ಗುರುತಿಸುವುದು ಬೆಳಕು ಕಂಡಿತೆಂದಲ್ಲ, ಅದು ಮಿನುಗುವ ಲಯದಿಂದ. ಬೇರೆ ಲಯದ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಅದು ಬೇರೆ ಊರಿನದು. ಟಿವಿಯೂ ಹಾಗೆಯೇ ಲಯ ನೋಡಿ ನಿರ್ಧರಿಸುತ್ತದೆ.

ಇದೊಂದೂ ತಿಳಿಯದೆ ನಾನು ಹೊಸ ರಿಮೋಟ್ ತರಿಸಿದೆ. ಹೋಮ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಜೋಡಿಸಿದೆ. ಎಲ್ಲವೂ ನಡೆಯಿತು, ವಾಲ್ಯೂಮ್ ಮತ್ತು ಪವರ್ ಬಿಟ್ಟು. ಎರಡು ರಿಮೋಟ್‌ಗಳು ಒಂದೇ ಜಾಗದಲ್ಲಿ ಕೆಟ್ಟಿರಲು ಸಾಧ್ಯವಿಲ್ಲವೆಂದು ಅಲ್ಲಿಯೇ ಹೊಳೆಯಬೇಕಿತ್ತು. ಯಾವ ಟಿವಿಗೆ ಯಾವ ಸಂಕೇತ ಎಂಬ ಆಯ್ಕೆ ಇರುವುದು ಸ್ಟಿಕ್‌ನ ಸೆಟ್ಟಿಂಗ್‌ನಲ್ಲಿ; ಹೊಸದಾಗಿ ಜೋಡಿಸಿದ ರಿಮೋಟಿಗೂ ಸ್ಟಿಕ್ ಅದೇ ಹಳೆಯ ಆಯ್ಕೆಯನ್ನು ದಾಟಿಸುತ್ತದೆ. ನಿಮಗೆ ಹೊಸ ರಿಮೋಟ್ ಬೇಡವೆಂದು ಮೊದಲ ಸಾಲಿನಲ್ಲಿಯೇ ಹೇಳಿದ್ದು ಇದಕ್ಕಾಗಿ.

ನನಗೆ ಹೊಳೆಯಲಿಲ್ಲ. ಸ್ಟಿಕ್ಕೇ ಕೆಟ್ಟಿದೆಯೆಂದು ತೀರ್ಮಾನಿಸಿ ಫ್ಯಾಕ್ಟರಿ ರೀಸೆಟ್ ಮಾಡಿದೆ. ಅದರಲ್ಲಿದ್ದ ಖಾತೆಗಳೆಲ್ಲ ನನ್ನ ತಮ್ಮನ ಫೋನ್ ನಂಬರಿನ ಮೇಲೆ ತೆರೆದವು, ಮತ್ತು ನನ್ನ ತಮ್ಮ ಇರುವುದು ಸರಕು ಹಡಗಿನಲ್ಲಿ. ಮತ್ತೆ ಲಾಗಿನ್ ಮಾಡಲು ಬೇಕಾದ ಒಟಿಪಿ ನಡುಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲದ ಫೋನಿಗೆ ಹೋಗುತ್ತಿತ್ತು. ಹಡಗು ಬಂದರು ಮುಟ್ಟುವವರೆಗೆ ತಂದೆಯವರಿಗೆ ಯಕ್ಷಗಾನವೂ ಇಲ್ಲ, ಚಂಡೆಯೂ ಇಲ್ಲ. ವಾಲ್ಯೂಮ್ ಸರಿಪಡಿಸಲು ಹೋಗಿ ಟಿವಿಯನ್ನೇ ಮೂಕ ಮಾಡಿದೆಯಲ್ಲ ಎಂದು ಅವರು ಅಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದರೂ ನನಗೆ ನಿಜವಾಗಿ ದುಬಾರಿಯಾದ ತಪ್ಪು ರೀಸೆಟ್ ಅಲ್ಲ. ರೀಸೆಟ್ ಆದ ಮೇಲೆ ಸ್ಟಿಕ್ ತಾನಾಗಿಯೇ, ನಿಮ್ಮ ಟಿವಿ ಯಾವ ಕಂಪನಿಯದು ಎಂದು ಕೇಳಿತು. ಸ್ಟಿಕ್‌ಗೆ ಟಿವಿಯ ಕಂಪನಿ ಏಕೆ ಬೇಕು ಎಂದು ಆಗಲೇ ಮೊದಲ ಬಾರಿಗೆ ಯೋಚಿಸಿ, ಮೇಲೆ ಹೇಳಿದ್ದನ್ನೆಲ್ಲ ಓದಿ ತಿಳಿದುಕೊಂಡೆ. ತಿಳಿದುಕೊಂಡೂ ಟಿವಿಯ ಚೌಕಟ್ಟಿನ ಮೇಲೆ ಬೆಳ್ಳಿ ಅಕ್ಷರದಲ್ಲಿ ಬರೆದಿದ್ದ ಹೆಸರನ್ನೇ ಆರಿಸಿದೆ. ಸ್ಟಿಕ್ ಆ ಕಂಪನಿಯ ಸಂಕೇತಗಳನ್ನು ಒಂದಾದ ಮೇಲೊಂದು ಕಳಿಸಿ, ವಾಲ್ಯೂಮ್ ಬದಲಾಯಿತೇ ಎಂದು ಕೇಳುತ್ತ ಹೋಯಿತು. ನಾನು ಇಲ್ಲ, ಇಲ್ಲ ಎನ್ನುತ್ತ ಹೋದೆ. ಪಟ್ಟಿ ಮುಗಿಯಿತು. ಪಟ್ಟಿಯೇ ಅಪೂರ್ಣವೆಂದುಕೊಂಡು ಮತ್ತೆ ಅದೇ ಹೆಸರನ್ನು ಆರಿಸಿದೆ.

ಚೌಕಟ್ಟಿನ ಮೇಲಿನ ಹೆಸರು ಯಾವುದಕ್ಕೆ ಸೇರಿದ್ದು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಜಾರುವುದೂ ಇಲ್ಲಿಯೇ. ಟಿವಿಯ ಮುಂಭಾಗದ ಕೆಳ ಅಂಚಿನಲ್ಲಿರುವ ಸಣ್ಣ ಕಣ್ಣು ಬೆಳಕನ್ನು ಹಿಡಿದು ಬೋರ್ಡಿಗೆ ಕೊಡುತ್ತದೆ, ಅಷ್ಟೇ. ಆ ಸಂಕೇತ ತನ್ನದೋ ಅಲ್ಲವೋ ಎಂದು ನಿರ್ಧರಿಸುವುದು ಬೋರ್ಡಿನಲ್ಲಿರುವ ಚಿಪ್ ಮತ್ತು ಅದರ ತಂತ್ರಾಂಶ. ಬೋರ್ಡ್ ಬದಲಾಯಿಸಿದ ದಿನವೇ ಟಿವಿಯ ವಿಳಾಸವೂ ಬದಲಾಯಿತು. ಪರದೆ ಅದೇ, ಚೌಕಟ್ಟು ಅದೇ, ಹೆಸರೂ ಅದೇ, ಆದರೆ ರಿಮೋಟ್‌ನ ಮಟ್ಟಿಗೆ ಅದು ಹಳೆಯ ಟಿವಿ ಅಲ್ಲವೇ ಅಲ್ಲ. ಹಲವು ಕಂಪನಿಗಳ ಪರದೆಗಳಿಗೆ ಹೊಂದುವಂತೆ ತಯಾರಿಸಿ ಮಾರುವ ಯೂನಿವರ್ಸಲ್ ಬೋರ್ಡ್‌ಗಳು ಸಾಮಾನ್ಯವಾಗಿ ತಮ್ಮ ಜೊತೆ ಬಂದ ರಿಮೋಟ್‌ನ ಸಂಕೇತಕ್ಕೆ ಮಾತ್ರ ತಲೆಯಾಡಿಸುತ್ತವೆ. ರಿಪೇರಿಯವರು ಒಂದು ರಿಮೋಟನ್ನು ಕೈಗಿಟ್ಟು ಕಳಿಸಿದ್ದು ಅದಕ್ಕೇ. ಅದು ಗಿರಾಕಿಗೆ ಕೊಟ್ಟ ಉಡುಗೊರೆಯಲ್ಲ. ಸ್ಟಿಕ್ಕನ್ನು ಮೊದಲ ಸಲ ಜೋಡಿಸಿದಾಗ ಅದು ಎಚ್‌ಡಿಎಂಐ ಮೂಲಕವೇ ಟಿವಿಯ ಗುರುತು ಪತ್ತೆಹಚ್ಚಿ ಸರಿಯಾದ ಸಂಕೇತವನ್ನು ತಾನೇ ಆರಿಸಿಕೊಂಡಿತ್ತು. ಹೀಗಾಗಿ ಇಂತಹ ಆಯ್ಕೆಯೊಂದು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ, ಗೊತ್ತಾದಾಗ ಹೆಸರನ್ನು ನಂಬಿದೆ. ಕೊನೆಗೆ ರಿಪೇರಿಯವರಿಗೆ ಫೋನ್ ಮಾಡಿ, ಈ ಬೋರ್ಡಿನ ಸಂಕೇತವನ್ನೇ ಬಳಸುವ ಬೇರೆ ಯಾವ ಕಂಪನಿಯ ರಿಮೋಟ್ ಇದಕ್ಕೆ ನಡೆಯುತ್ತದೆ ಎಂದು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ ಒಂದು ಹೆಸರು ಹೇಳಿದರು. ಸ್ಟಿಕ್‌ನಲ್ಲಿ ಆ ಕಂಪನಿಯನ್ನು ಆರಿಸಿದೆ, ವಾಲ್ಯೂಮ್ ಏರಿತು. ರೀಸೆಟ್‌ಗೂ ಇದಕ್ಕೂ ಸಂಬಂಧವಿರಲಿಲ್ಲ. ಅದೇ ಪಟ್ಟಿ ಸೆಟ್ಟಿಂಗ್ಸ್‌ನ ಒಳಗೆ ಮೊದಲಿನಿಂದಲೂ ಇತ್ತು.

ಆದ್ದರಿಂದ ನೀವು ಮೊದಲು ರಿಪೇರಿಯವರು ಕೊಟ್ಟ ರಿಮೋಟನ್ನು ಹುಡುಕಿ. ಅದರಿಂದ ವಾಲ್ಯೂಮ್ ಬದಲಾದರೆ ಟಿವಿಯ ಕಣ್ಣು ಸರಿಯಾಗಿದೆ, ಹೊಂದದಿರುವುದು ಸಂಕೇತ ಮಾತ್ರ. ಬದಲಾಗದಿದ್ದರೆ ಆ ಕಣ್ಣಿಗೆ ಬಟ್ಟೆಯೋ ಸ್ಟಿಕ್ಕರೋ ಅಡ್ಡವಾಗಿದೆಯೇ ಎಂದು ನೋಡಿ. ಇಲ್ಲವೆಂದಾದರೆ ಟಿವಿ ಮತ್ತೆ ಅಂಗಡಿಗೆ ಹೋಗಬೇಕು, ಸ್ಟಿಕ್‌ನ ತಪ್ಪು ಅದರಲ್ಲಿಲ್ಲ. ಸ್ಟಿಕ್‌ನ ರಿಮೋಟ್‌ನ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ವಾಲ್ಯೂಮ್ ಒತ್ತಿ ನೋಡುವುದೂ ಒಳ್ಳೆಯದು. ಪರದೆಯಲ್ಲಿ ಮಸುಕಾದ ನೇರಳೆ ಮಿನುಗು ಕಂಡರೆ ದೀಪ ಬದುಕಿದೆ. ಹಿಂಬದಿಯ ಕ್ಯಾಮೆರಾಗಳು ಹೆಚ್ಚಾಗಿ ಇನ್‌ಫ್ರಾರೆಡ್ಡನ್ನು ಸೋಸಿಬಿಡುವುದರಿಂದ ಅವುಗಳಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ.

ಆಮೇಲೆ ಸೆಟ್ಟಿಂಗ್ಸ್, ಎಕ್ವಿಪ್‌ಮೆಂಟ್ ಕಂಟ್ರೋಲ್, ಮ್ಯಾನೇಜ್ ಎಕ್ವಿಪ್‌ಮೆಂಟ್, ಟಿವಿ, ಚೇಂಜ್ ಟಿವಿ ಎಂಬ ದಾರಿಯಲ್ಲಿ ಹೋಗಿ, ಚೌಕಟ್ಟಿನ ಮೇಲಿರುವ ಹೆಸರನ್ನಲ್ಲ, ರಿಪೇರಿಯವರು ಹೇಳಿದ ಹೆಸರನ್ನು ಆರಿಸಿ. ಪರೀಕ್ಷೆಯಲ್ಲಿ ಅವಸರ ಮಾಡಬೇಡಿ. ಪವರ್ ಒತ್ತಿ ಸ್ವಲ್ಪ ಕಾಯಿರಿ ಎಂದು ಸ್ಟಿಕ್ ಹೇಳಿದಾಗ ನಿಜವಾಗಿಯೂ ಕಾಯಬೇಕು, ಏಕೆಂದರೆ ಆರಿ ಹತ್ತಲು ಟಿವಿಗೆ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಇಲ್ಲವೆಂದು ಉತ್ತರಿಸಿದರೆ ಸರಿಯಾದ ಸಂಕೇತವನ್ನೇ ದಾಟಿ ಮುಂದೆ ಹೋಗಿರುತ್ತೀರಿ. ವಾಲ್ಯೂಮ್ ನಡೆದು ಪವರ್ ನಡೆಯದ ಸಂಕೇತವೂ ಸಿಗಬಹುದು. ನಾನಾದರೆ ಅದಕ್ಕೆ ಒಪ್ಪಿ ಸುಮ್ಮನಾಗುತ್ತಿದ್ದೆ, ಪವರ್‌ಗೆ ಗೋಡೆಯ ಸ್ವಿಚ್ ಇದೆ.

ಎಚ್‌ಡಿಎಂಐ ಸಿಇಸಿ ಆನ್ ಮಾಡಿ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಎಚ್‌ಡಿಎಂಐಯ 13ನೆಯ ಪಿನ್ ಮೂಲಕ ಆಜ್ಞೆ ಹೋಗುವ ವ್ಯವಸ್ಥೆ ಅದು. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುತ್ತವೆ. ಕಂಪನಿಯ ಮೂಲ ಬೋರ್ಡ್ ಇದ್ದವರಿಗೆ ಒಳ್ಳೆಯ ಸಲಹೆ. ನಮಗೆ ಹಾಕಿಕೊಟ್ಟ ಬೋರ್ಡಿನ ಮೆನುವಿನಲ್ಲಿ ಆ ಸೌಲಭ್ಯವೇ ಇರಲಿಲ್ಲ, ನಿಮ್ಮದರಲ್ಲೂ ಇಲ್ಲದಿದ್ದರೆ ಅದನ್ನು ಹುಡುಕುತ್ತ ಕೂರಬೇಡಿ. ಸೌಂಡ್‌ಬಾರ್ ಇಟ್ಟುಕೊಂಡಿದ್ದರೆ ಮಾತ್ರ ಲೆಕ್ಕ ಬೇರೆ: ಆಪ್ಟಿಕಲ್ ತಂತಿಯಲ್ಲಿ ಹೋಗುವ ಧ್ವನಿಯನ್ನು ಅನೇಕ ಟಿವಿಗಳು ಒಂದೇ ಮಟ್ಟದಲ್ಲಿ ಕಳಿಸುತ್ತವೆ, ಆಗ ಟಿವಿಯ ವಾಲ್ಯೂಮ್ ಎಷ್ಟು ಏರಿಸಿದರೂ ವ್ಯತ್ಯಾಸ ಕೇಳಿಸುವುದಿಲ್ಲ, ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ಸೌಂಡ್‌ಬಾರನ್ನೇ ಸೇರಿಸಬೇಕು.

ಸೆಲ್‌ಗಳ ಬಗ್ಗೆಯೂ ಒಂದು ಮಾತು ಇದೆ. ಇನ್‌ಫ್ರಾರೆಡ್ ದೀಪ ಮಿನುಗುವಾಗ ಬ್ಲೂಟೂತ್‌ಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತದೆ. ಹೀಗಾಗಿ ಸೆಲ್ ಸೊರಗಿದಾಗ ಹೋಮ್ ಬಟನ್ ನಡೆಯುತ್ತಲೇ ಇದ್ದು ವಾಲ್ಯೂಮ್ ಮಾತ್ರ ಟಿವಿಯ ಹತ್ತಿರ ಹೋದರಷ್ಟೇ ಸ್ಪಂದಿಸುವುದು ಸಾಧ್ಯ. 1.2 ವೋಲ್ಟಿನ ರೀಚಾರ್ಜ್ ಸೆಲ್ ಹಾಕಿದ್ದರೆ ತೆಗೆದು 1.5 ವೋಲ್ಟಿನ ಹೊಸ ಆಲ್ಕಲೈನ್ ಸೆಲ್ ಹಾಕಿ ನೋಡಿ. ಕರಾವಳಿಯ ನಮಗೆ ಉಪ್ಪುಗಾಳಿಯಿಂದ ಸ್ಪ್ರಿಂಗ್ ತುಕ್ಕು ಹಿಡಿಯುವ ಕಾಟವೂ ಇದೆ, ಘಟ್ಟದ ಮೇಲಿನ ನಿಮಗೆ ಅದು ಅಷ್ಟಿರಲಾರದು. ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಯನ್ನು ನಿಂಬೆರಸದಲ್ಲಿ ತುಸುವೇ ಅದ್ದಿ ಒರೆಸಿ, ಮತ್ತೆ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ.

ರಿಪೇರಿಯವರು ಹೆಸರು ಹೇಳದಿದ್ದರೆ ಅಥವಾ ಹೇಳಿದ ಹೆಸರು ಹೊಂದದಿದ್ದರೆ, ಬೋರ್ಡಿನ ಜೊತೆ ಬಂದ ರಿಮೋಟ್‌ನ ಮುಂಭಾಗದ ಫೋಟೊವನ್ನೂ ಬೋರ್ಡಿನ ಮೇಲೆ ಮುದ್ರಿಸಿರುವ ಮಾದರಿ ಸಂಖ್ಯೆಯನ್ನೂ ಇಲ್ಲಿ ಹಾಕಿ. ಬೋರ್ಡಿನ ಫೋಟೊ ನೀವೇ ತೆಗೆಯಲು ಹೋಗಬೇಡಿ, ಪವರ್ ಭಾಗದ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರುತ್ತದೆ. ರಿಪೇರಿಯವರ ಬಳಿ ಆ ಸಂಖ್ಯೆ ಇರುತ್ತದೆ, ಅವರಿಂದಲೇ ಬರೆಸಿಕೊಳ್ಳಿ.